ಮಾಯದ ಕುರು

ಬೇಸಗೆ ಬಂದಿತೆಂದರೆ ನಮ್ಮ ನಾಡಿನ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಮಕ್ಕಳ ಮೈಮೇಲೆ ಕುರು ಏಳುವುದು ಸಾಮಾನ್ಯ. ಕತ್ತಿನ ಹಿಂಭಾಗ, ಕಂಕುಳು, ತೊಡೆಯ ಸಂದು ಮುಂತಾದ, ಬೆವರು ನಿಲ್ಲುವ ಹಾಗೂ ಬಟ್ಟೆ ಉಜ್ಜುವ ಎಡೆಗಳಲ್ಲಿ ಮೊದಲು ಒಂದು ಕೆಂಪು ಗುಳ್ಳೆ ಕಾಣಿಸಿಕೊಳ್ಳುತ್ತದೆ. ಎರಡು ಮೂರು ದಿನಗಳಲ್ಲಿ ಅದು ಊದಿ, ಬಿಸಿಯಾಗಿ, ನೋಯತೊಡಗಿ, ತುದಿಯಲ್ಲಿ ಹಳದಿಯ ಮೊನೆ ಕಟ್ಟುತ್ತದೆ. ಒಡೆದು ಕೀವು ಹರಿದುಹೋದ ಮೇಲೆ ಸಾಮಾನ್ಯವಾಗಿ ತಾನಾಗಿಯೇ ಮಾಯುತ್ತದೆ. ಮಾವಿನಹಣ್ಣನ್ನು ಮಿತಿಮೀರಿ ತಿಂದುದರಿಂದ ಮೈಯ ಉಷ್ಣವೇರಿ ಕುರುವೆದ್ದಿತೆಂದು ಮನೆಯ ಹಿರಿಯರು ಹೇಳುವುದುಂಟು. ಮಾವಿನಹಣ್ಣು ಈ ಅಪವಾದವನ್ನು ಬಹುಕಾಲದಿಂದ ಹೊತ್ತುಕೊಂಡು ಬಂದಿದೆ. ಮಾವು ಮಾಗುವ ಕಾಲವೂ ಮೈ ಬೆವರುವ ಕಾಲವೂ ಒಂದೇ ಆದುದರಿಂದ ಒಂದರ ತಪ್ಪು ಇನ್ನೊಂದರ ತಲೆಗೆ ಬಂದಿತೇ ಹೊರತು ಕುರುವಿಗೆ ಕಾರಣ ಹಣ್ಣಲ್ಲ. ಕಣ್ಣಿಗೆ ಕಾಣದ ಒಂದು ಸೂಕ್ಷ್ಮಜೀವಿ.

ಈ ಸೂಕ್ಷ್ಮಜೀವಿಯನ್ನು ಕೀವಿನಲ್ಲಿ ಗುರುತಿಸಿ ಹೆಸರಿಟ್ಟವನು ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಗ್ಸಾಂಡರ್ ಆಗ್‌ಸ್ಟನ್. 1880ರಲ್ಲಿ ಆತನು ತನ್ನ ರೋಗಿಯೊಬ್ಬನ ಕೀವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಗೊಂಚಲು ಗೊಂಚಲಾಗಿ ಕೂಡಿಕೊಂಡಿದ್ದ ಪುಟ್ಟ ಗುಂಡುಗಳು ಕಂಡುಬಂದುವು. ಗ್ರೀಕ್ ಭಾಷೆಯಲ್ಲಿ ದ್ರಾಕ್ಷಿಯ ಗೊಂಚಲಿಗೆ ‘ಸ್ಟಾಫಿಲೆ’ ಎಂದೂ ಕಾಳಿಗೆ ‘ಕೊಕ್ಕಸ್’ ಎಂದೂ ಹೆಸರು. ಈ ಎರಡು ಪದಗಳನ್ನು ಜೋಡಿಸಿ ಆತನು ಆ ಜೀವಿಯನ್ನು ಸ್ಟಾಫಿಲೊಕಾಕಸ್ ಎಂದು ಕರೆದನು. 1884ರಲ್ಲಿ ಜರ್ಮನಿಯ ರೋಸನ್‌ಬಾಕ್ ಅದನ್ನು ಬೆಳೆಸಿ, ಅದರ ಸಮೂಹಗಳು ಹೊಂಬಣ್ಣ ತಾಳುವುದನ್ನು ಕಂಡು ‘ಆರಿಯಸ್’, ಅಂದರೆ ಚಿನ್ನದ ಬಣ್ಣದ್ದು, ಎಂಬ ವಿಶೇಷಣವನ್ನು ಸೇರಿಸಿದನು. ಹೆಸರು ಸೊಗಸಾಗಿದೆ, ಗುಣ ಅಷ್ಟು ಸೊಗಸಾದುದಲ್ಲ. ನೂರು ಜನ ಆರೋಗ್ಯವಂತರನ್ನು ಪರೀಕ್ಷಿಸಿದರೆ ಅವರಲ್ಲಿ ಸುಮಾರು ಮೂವತ್ತು ಮಂದಿಯ ಮೂಗಿನ ಹೊಳ್ಳೆಗಳಲ್ಲಿ ಈ ಬ್ಯಾಕ್ಟೀರಿಯಾ ಮನೆಮಾಡಿಕೊಂಡಿರುತ್ತದೆ. ಅಲ್ಲಿರುವವರೆಗೆ ಅದು ಯಾರಿಗೂ ಕೇಡು ಮಾಡದು. ಉಗುರಿನ ಗೀರು, ತರಚುಗಾಯ, ಕ್ಷೌರದ ಕತ್ತಿಯ ಸಣ್ಣ ಕೊಯ್ತ, ಕೂದಲಿನ ಬುಡ, ಇವುಗಳಲ್ಲೊಂದರ ಮೂಲಕ ಚರ್ಮದ ಒಳಹೊಕ್ಕಾಗ ಮಾತ್ರ ಅದು ಶತ್ರುವಾಗುತ್ತದೆ.

ಹೊಕ್ಕ ಶತ್ರುವನ್ನು ಎದುರಿಸಲು ಬಿಳಿಯ ರಕ್ತಕಣಗಳು ಧಾವಿಸಿ ಬರುತ್ತವೆ, ರಕ್ತನಾಳಗಳು ಹಿಗ್ಗುತ್ತವೆ, ಆ ಭಾಗಕ್ಕೆ ರಕ್ತದ ಹರಿವು ಹೆಚ್ಚುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದಲ್ಲಿದ್ದ ಸೆಲ್ಸಸ್ ಎಂಬ ಗ್ರಂಥಕಾರನು ಇದರ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪು, ಬಾವು, ಬಿಸಿ, ನೋವು. ಇಂದಿಗೂ ವೈದ್ಯವಿದ್ಯಾರ್ಥಿಗಳು ಇವನ್ನೇ ಮೊದಲು ಕಲಿಯುತ್ತಾರೆ. ಆದರೆ ಇಲ್ಲೊಂದು ಮಾತನ್ನು ಗಮನಿಸಬೇಕು. ಈ ವರ್ಣನೆ ಬಿಳಿಯ ಚರ್ಮದವರನ್ನು ನೋಡಿ ಬರೆದುದು. ಕಪ್ಪು ಅಥವಾ ಎಣ್ಣೆಗೆಂಪು ಬಣ್ಣದ ನಮ್ಮ ಮೈಯಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಆ ಭಾಗವು ಸುತ್ತಲಿನ ಚರ್ಮಕ್ಕಿಂತ ಹೆಚ್ಚು ಕಪ್ಪಾಗಿಯೋ ನೇರಿಳೆಯ ಛಾಯೆ ತಾಳಿಯೋ, ಬಿಗಿದು ಹೊಳಪೇರಿಯೋ ಕಾಣಬಹುದು. ‘ಕೆಂಪಾಗಿಲ್ಲ, ಆದುದರಿಂದ ಏನೂ ಇಲ್ಲ’ ಎಂದು ಭಾವಿಸಿ ಕಾಲ ಕಳೆದವರು ಬಹಳ. ಇಂತಹ ಎಡೆಯಲ್ಲಿ ಕಣ್ಣಿಗಿಂತ ಕೈ ಹೆಚ್ಚು ನಂಬಿಕೆಗೆ ಅರ್ಹವಾದುದು. ಹಸ್ತದ ಹಿಂಬದಿಯನ್ನು ನೋಯುವ ಭಾಗಕ್ಕೂ, ಅನಂತರ ಮೈಯ ಇನ್ನೊಂದು ಪಕ್ಕದಲ್ಲಿ ಅದೇ ಸ್ಥಳಕ್ಕೂ ಸೋಕಿಸಿ ನೋಡಿದರೆ ಬಿಸಿಯ ವ್ಯತ್ಯಾಸ ಕೂಡಲೆ ತಿಳಿಯುತ್ತದೆ.

ಚರ್ಮದ ಈ ಸೋಂಕು ಒಂದೇ ರೂಪದಲ್ಲಿ ಬರುವುದಿಲ್ಲ. ಕೂದಲಿನ ಬುಡದಲ್ಲಿ ಹುಟ್ಟಿ ಮೊನೆಕಟ್ಟುವುದು ಕುರು. ಹಲವು ಕುರುಗಳು ಒಂದಕ್ಕೊಂದು ಒಳಗೊಳಗೇ ಕೂಡಿಕೊಂಡು, ಅನೇಕ ಬಾಯಿಗಳ ಒಂದೇ ದೊಡ್ಡ ಗಡ್ಡೆಯಾಗುವುದೂ ಉಂಟು. ಇದು ಹೆಚ್ಚಾಗಿ ಬೆನ್ನಿನ ಮೇಲ್ಭಾಗದಲ್ಲಿ, ಅದರಲ್ಲಿಯೂ ಸಕ್ಕರೆ ಕಾಯಿಲೆಯಿರುವ ಹಿರಿಯರಲ್ಲಿ ಕಂಡುಬರುತ್ತದೆ. ಚರ್ಮದಡಿ ಕೀವು ತುಂಬಿ ನಿಂತಾಗ ಆ ಬಾವನ್ನು ಮೆಲ್ಲಗೆ ಮುಟ್ಟಿದರೆ ನೀರು ತುಂಬಿದ ಚೀಲದಂತೆ ನಡುಭಾಗ ಮೆತ್ತಗಿರುತ್ತದೆ, ಅಂಚು ಗಟ್ಟಿಯಾಗಿರುತ್ತದೆ. ಚಿಕ್ಕ ಮಕ್ಕಳ ಮೂಗು, ಬಾಯಿಗಳ ಸುತ್ತ ಸಣ್ಣ ಗುಳ್ಳೆಗಳೆದ್ದು, ಒಡೆದು, ಜೇನಿನ ಬಣ್ಣದ ಹಕ್ಕಳೆ ಕಟ್ಟುವುದು ಇನ್ನೊಂದು ಬಗೆ. ಕೀವೇ ಇಲ್ಲದೆ ಚರ್ಮವು ಹರವಾಗಿ ಊದಿ, ದಿನದಿನಕ್ಕೆ ಅಂಚು ಮುಂದೊತ್ತುತ್ತ ಹೋಗುವ ಬಾವೂ ಒಂದುಂಟು. ಅದಕ್ಕೆ ಹೆಚ್ಚಾಗಿ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಕಾರಣ. ಕೀವಿದ್ದಲ್ಲಿ ಮೊದಲ ಸಂದೇಹ ಸ್ಟಾಫಿಲೊಕಾಕಸಿನ ಮೇಲೆ ಎಂದು ಸ್ಥೂಲವಾಗಿ ನೆನಪಿಡಬಹುದು.

ಇಂತಹ ಸೋಂಕುಗಳಿಗೆ ಪ್ರತಿಜೈವಿಕಗಳನ್ನು, ಅಂದರೆ ರೂಢಿಯಲ್ಲಿ ನಾವು ಆಂಟಿಬಯಾಟಿಕ್ ಎಂದು ಕರೆಯುವ ಔಷಧಗಳನ್ನು, ವೈದ್ಯರು ಕೊಡುತ್ತಾರಷ್ಟೆ. ಆ ಔಷಧಗಳಿಗೆ ಮಣಿಯುವ ಬ್ಯಾಕ್ಟೀರಿಯಾ ಇರುವಂತೆಯೇ ಮಣಿಯದ ಬ್ಯಾಕ್ಟೀರಿಯಾವೂ ಈಗ ಇದೆ. ಹಾಗಾದರೆ ಮಣಿಯದ ಬ್ಯಾಕ್ಟೀರಿಯಾದಿಂದ ಎದ್ದ ಕುರುವನ್ನು ಗುರುತಿಸುವುದು ಹೇಗೆ? ಅದರ ಬಣ್ಣ ಬೇರೆಯೆ? ಕೀವು ಬೇರೆಯೆ? ವಾಸನೆ ಬೇರೆಯೆ? ಯಾವುದೂ ಅಲ್ಲ. ಎರಡೂ ಒಂದೇ ರೀತಿಯಾಗಿ ಕಾಣುತ್ತವೆ, ಒಂದೇ ರೀತಿಯಾಗಿ ನೋಯುತ್ತವೆ. ನುರಿತ ವೈದ್ಯರೂ ಬರಿಗಣ್ಣಿನಿಂದ ಇವನ್ನು ಬೇರ್ಪಡಿಸಿ ಹೇಳಲಾರರು. ಈ ಭೇದ ಹೊರಗೆ ಕಾಣದಂತಹುದೇಕೆ ಎಂಬುದನ್ನು ತಿಳಿಯಲು ಅದು ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಸ್ಟಾಫಿಲೊಕಾಕಸನ್ನು ಬೆಳೆಸಿದ್ದ ಗಾಜಿನ ತಟ್ಟೆಯೊಂದರಲ್ಲಿ ಬೂಷ್ಟು ಬಿದ್ದು, ಅದರ ಸುತ್ತಲಿನ ಬ್ಯಾಕ್ಟೀರಿಯಾ ಕರಗಿಹೋಗಿದ್ದ ಕಥೆಯನ್ನು ನೀವು ಕೇಳಿರಬಹುದು. ಆ ಬೂಷ್ಟಿನ ಸಾರವೇ ಪೆನಿಸಿಲಿನ್. ಅದನ್ನು ಶುದ್ಧೀಕರಿಸಿ ಔಷಧವನ್ನಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರು. 1941ರ ಫೆಬ್ರುವರಿಯಲ್ಲಿ ಅವರು ಚಿಕಿತ್ಸೆ ಕೊಟ್ಟವರಲ್ಲಿ ಮೊದಲಿಗನು ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಆತನ ಮುಖ, ತಲೆಗಳು ಕೀವಿನ ಬಾವುಗಳಿಂದ ತುಂಬಿ, ಒಂದು ಕಣ್ಣೇ ಹೋಗಿತ್ತು. ಮದ್ದು ಕೊಟ್ಟ ಕೆಲವೇ ದಿನಗಳಲ್ಲಿ ಜ್ವರ ಇಳಿಯಿತು, ಹಸಿವು ಮರಳಿತು. ಆದರೆ ಇದ್ದ ಪೆನಿಸಿಲಿನ್ ಅತ್ಯಲ್ಪ. ರೋಗಿಯ ಮೂತ್ರದಿಂದ ಅದನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಸಾಲದೆ ಮುಗಿದುಹೋಯಿತು; ಮಾರ್ಚ್ ತಿಂಗಳಿನಲ್ಲಿ ಆತನು ತೀರಿಕೊಂಡನು. ಚರ್ಮದ ಸೋಂಕು ಪ್ರಾಣವನ್ನು ತೆಗೆಯಬಲ್ಲುದು ಎಂಬುದನ್ನು ನಾವು ಮರೆತಿದ್ದರೆ ಅದಕ್ಕೆ ಪ್ರತಿಜೈವಿಕಗಳ ಉಪಕಾರವೇ ಕಾರಣ.

1945ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿದ ಸಂದರ್ಭದ ಉಪನ್ಯಾಸದಲ್ಲಿ ಫ್ಲೆಮಿಂಗ್ ಒಂದು ಎಚ್ಚರಿಕೆಯನ್ನು ಕೊಟ್ಟನು. ಪೆನಿಸಿಲಿನ್ ಅಂಗಡಿಗಳಲ್ಲಿ ಯಾರಿಗೆ ಬೇಕಾದರೂ ಸಿಗುವ ಕಾಲ ಬಂದರೆ, ತಿಳಿಯದವನು ಸಾಲದಷ್ಟು ಸೇವಿಸಿ ಬ್ಯಾಕ್ಟೀರಿಯಾವನ್ನು ಕೊಲ್ಲದೆ ಬಲಪಡಿಸಿಯಾನು ಎಂಬುದು ಅದರ ಸಾರ. ಆ ಮಾತು ನಿಜವಾಗಲು ಬಹಳ ಕಾಲ ಬೇಕಾಗಲಿಲ್ಲ. ಪೆನಿಸಿಲಿನ್ನನ್ನು ಸೀಳಿಹಾಕುವ ಕಿಣ್ವವುಳ್ಳ ಸ್ಟಾಫಿಲೊಕಾಕಸ್ ಆಸ್ಪತ್ರೆಗಳಲ್ಲಿ ಹರಡಿತು. ಆ ಕಿಣ್ವಕ್ಕೆ ಜಗ್ಗದ ಮೆಥಿಸಿಲಿನ್ ಎಂಬ ಹೊಸ ಔಷಧವನ್ನು ಇಂಗ್ಲೆಂಡಿನಲ್ಲಿ ತಯಾರಿಸಿ ಬಳಕೆಗೆ ತಂದರು. 1961ರ ವೇಳೆಗೆ ಅದಕ್ಕೂ ಮಣಿಯದ ತಳಿ ಅಲ್ಲಿಯೇ ಪತ್ತೆಯಾಯಿತು. ಮೆಥಿಸಿಲಿನ್ ಇಂದು ಬಳಕೆಯಲ್ಲಿಲ್ಲ. ಆದರೂ ಆ ತಳಿಗೆ ‘ಮೆಥಿಸಿಲಿನ್ ನಿರೋಧಕ ಸ್ಟಾಫಿಲೊಕಾಕಸ್ ಆರಿಯಸ್’, ಸಂಕ್ಷೇಪವಾಗಿ ಎಂ.ಆರ್.ಎಸ್.ಎ., ಎಂಬ ಹೆಸರು ಉಳಿದುಕೊಂಡಿದೆ.

ಈ ತಳಿಯ ಗುಟ್ಟು ಹೀಗಿದೆ. ಬ್ಯಾಕ್ಟೀರಿಯಾ ತನ್ನ ಸುತ್ತ ಒಂದು ಗೋಡೆಯನ್ನು ಕಟ್ಟಿಕೊಂಡು ಬದುಕುತ್ತದೆ. ಗೋಡೆ ಕಟ್ಟುವ ಕಿಣ್ವವನ್ನು ಪೆನಿಸಿಲಿನ್ ಹಿಡಿದು ನಿಲ್ಲಿಸಿಬಿಡುತ್ತದೆ. ಗೋಡೆ ಕುಸಿದು ಬ್ಯಾಕ್ಟೀರಿಯಾ ಸಾಯುತ್ತದೆ. ಎಂ.ಆರ್.ಎಸ್.ಎ. ಬಳಿ ಒಂದು ಹೆಚ್ಚಿನ ಜೀನ್ ಉಂಟು. ಅದರ ಬಲದಿಂದ ಅದು ಪೆನಿಸಿಲಿನ್ ಕುಲದ ಔಷಧಗಳ ಹಿಡಿತಕ್ಕೆ ಸಿಗದ ಬೇರೊಂದು ಕಿಣ್ವವನ್ನು ತಯಾರಿಸಿಕೊಳ್ಳುತ್ತದೆ. ಮೊದಲ ಮೇಸ್ತ್ರಿಯ ಕೈ ಕಟ್ಟಿಹಾಕಿದರೂ ಎರಡನೆಯ ಮೇಸ್ತ್ರಿ ಗೋಡೆ ಕಟ್ಟುತ್ತಲೇ ಇರುತ್ತಾನೆ. ಬ್ಯಾಕ್ಟೀರಿಯಾದ ಉಳಿದ ನಡತೆಯೆಲ್ಲ ಮೊದಲಿನಂತೆಯೇ. ಆದುದರಿಂದಲೇ ಅದು ಎಬ್ಬಿಸುವ ಕುರುವೂ ಬೇರೆ ಕುರುಗಳಂತೆಯೇ ಕಾಣುತ್ತದೆ. ‘ನನ್ನ ದೇಹಕ್ಕೆ ಈ ಮಾತ್ರೆ ನಾಟುವುದಿಲ್ಲ’ ಎಂದು ಕೆಲವರು ಹೇಳುತ್ತಾರಲ್ಲವೆ? ಔಷಧಕ್ಕೆ ನಿರೋಧವನ್ನು ಪಡೆಯುವುದು ನಮ್ಮ ದೇಹವಲ್ಲ, ಬ್ಯಾಕ್ಟೀರಿಯಾ. ಎಂದೂ ಪ್ರತಿಜೈವಿಕವನ್ನು ಮುಟ್ಟದ ಹುಡುಗನಿಗೂ ನಿರೋಧಕ ತಳಿಯ ಸೋಂಕು ಇನ್ನೊಬ್ಬರಿಂದ ತಗಲಬಹುದು.

ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದುವರಿಯಲಾಗದು. ಯುರೋಪಿನಲ್ಲಿ ಹೆಡ್ಜ್‌ಹಾಗ್ ಎಂಬ, ಬೆನ್ನೆಲ್ಲ ಮುಳ್ಳಿರುವ ಪುಟ್ಟ ಪ್ರಾಣಿಯೊಂದಿದೆ. ಅದರ ಚರ್ಮದ ಮೇಲೆ ಬೆಳೆಯುವ ಒಂದು ಶಿಲೀಂಧ್ರವು ಪೆನಿಸಿಲಿನ್ನಿನಂತಹ ವಸ್ತುವನ್ನು ಸ್ರವಿಸುತ್ತದೆ. ಅಲ್ಲಿಯೇ ವಾಸಿಸುವ ಸ್ಟಾಫಿಲೊಕಾಕಸ್ ಬದುಕಿ ಉಳಿಯಲು ನಿರೋಧವನ್ನು ಗಳಿಸಿಕೊಳ್ಳಬೇಕಾಯಿತು. ಎಂ.ಆರ್.ಎಸ್.ಎ.ಯ ಒಂದು ಶಾಖೆ ಹೀಗೆ ಸುಮಾರು ಇನ್ನೂರು ವರ್ಷಗಳ ಹಿಂದೆಯೇ, ಮನುಷ್ಯನು ಪ್ರತಿಜೈವಿಕವನ್ನು ಕಾಣುವ ಮೊದಲೇ, ಹುಟ್ಟಿತ್ತೆಂದು 2022ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನಿರೋಧವನ್ನು ಸೃಷ್ಟಿಸಿದವನು ಮನುಷ್ಯನೊಬ್ಬನೇ ಅಲ್ಲ. ಆದರೆ ಬೇಕಾದುದಕ್ಕೂ ಬೇಡವಾದುದಕ್ಕೂ ಔಷಧವನ್ನು ಸುರಿದು, ಮಣಿಯುವ ಬ್ಯಾಕ್ಟೀರಿಯಾವನ್ನೆಲ್ಲ ಕೊಂದು, ಮಣಿಯದುದಕ್ಕೆ ಬಯಲನ್ನು ತೆರವು ಮಾಡಿಕೊಟ್ಟವನು ಅವನೇ.

ನಮ್ಮ ದೇಶದ 15 ದೊಡ್ಡ ಆಸ್ಪತ್ರೆಗಳ ಪ್ರಯೋಗಾಲಯಗಳು ಒಟ್ಟಾಗಿ 2008 ಮತ್ತು 2009ರಲ್ಲಿ ನಡೆಸಿದ ಪರಿಶೀಲನೆಯಲ್ಲಿ, ರೋಗಿಗಳಿಂದ ದೊರೆತ ಸ್ಟಾಫಿಲೊಕಾಕಸ್ ಆರಿಯಸ್ ಮಾದರಿಗಳ ಪೈಕಿ ಶೇಕಡ 41ರಷ್ಟು ಈ ನಿರೋಧಕ ತಳಿಗೆ ಸೇರಿದ್ದುವು. ಬಹುಕಾಲ ಇದು ಆಸ್ಪತ್ರೆಯ ಒಳಗಿನ ಪಿಡುಗೆಂದು ತಿಳಿಯಲಾಗಿತ್ತು. 1997ರಿಂದ 1999ರ ನಡುವೆ ಅಮೆರಿಕದ ಮಿನ್ನೆಸೋಟ ಮತ್ತು ಉತ್ತರ ಡಕೋಟ ರಾಜ್ಯಗಳಲ್ಲಿ, ಆಸ್ಪತ್ರೆಯ ಸಂಪರ್ಕವೇ ಇಲ್ಲದಿದ್ದ ನಾಲ್ಕು ಮಕ್ಕಳು ಇದರಿಂದ ಸತ್ತಾಗ ಆ ನಂಬಿಕೆ ಅಳಿಯಿತು. ಅವರಿಗೆ ಮೊದಲು ಕೊಟ್ಟ ಔಷಧಗಳು ಆ ತಳಿಯ ಮೇಲೆ ನಾಟುವಂತಹವಾಗಿರಲಿಲ್ಲ. ಗಟ್ಟಿಮುಟ್ಟಾದವರೂ ಇದಕ್ಕೆ ಹೊರತಲ್ಲ. 2003ರಲ್ಲಿ ಸೇಂಟ್ ಲೂಯಿ ನಗರದ ರ‍್ಯಾಮ್ಸ್ ಎಂಬ ಫುಟ್‌ಬಾಲ್ ತಂಡದ 58 ಆಟಗಾರರಲ್ಲಿ ಐವರಿಗೆ ಒಟ್ಟು ಎಂಟು ಬಾರಿ ಈ ಸೋಂಕಿನ ಕೀವುಗಡ್ಡೆಗಳೆದ್ದುವು. ಕೃತಕ ಹುಲ್ಲಿನ ಮೈದಾನದಲ್ಲಿ ಬಿದ್ದು ಮೊಣಕೈ, ಮೊಣಕಾಲುಗಳು ತರಚಿದ್ದುವು. ಒಂದೇ ಟವಲನ್ನು ಹಲವರು ಬಳಸುತ್ತಿದ್ದರು. ಕುಸ್ತಿ, ಕಬಡ್ಡಿಗಳಂತಹ ಮೈಗೆ ಮೈ ತಗಲುವ ಆಟಗಳನ್ನಾಡುವವರೂ, ವಿದ್ಯಾರ್ಥಿನಿಲಯದಲ್ಲಿ ಟವಲು, ಸಾಬೂನುಗಳನ್ನು ಹಂಚಿಕೊಳ್ಳುವವರೂ ಈ ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು.

ಅಮೆರಿಕದ ವೈದ್ಯರು ಆ ವರ್ಷಗಳಲ್ಲಿ ಇನ್ನೊಂದು ವಿಚಿತ್ರವನ್ನು ಗಮನಿಸಿದರು. ಎಂ.ಆರ್.ಎಸ್.ಎ. ಕುರುವಾದ ಅನೇಕರು ‘ಜೇಡ ಕಚ್ಚಿದೆ’ ಎಂದು ಹೇಳಿಕೊಂಡು ಬರುತ್ತಿದ್ದರು. ನಡುವೆ ಕಪ್ಪು ಚುಕ್ಕೆ, ಸುತ್ತ ಕೆಂಪು ಬಾವು, ಒಮ್ಮೆಲೆ ಎದ್ದ ತೀವ್ರ ನೋವು: ಇದನ್ನು ಕಂಡವರಿಗೆ ಹಾಗೆ ತೋರುವುದು ಸಹಜ. ಆದರೆ ಅಂತಹ ಹುಣ್ಣು ಮಾಡುವ ಜೇಡಗಳೇ ಇಲ್ಲದ ಊರುಗಳಿಂದಲೂ ರೋಗಿಗಳು ಇದೇ ದೂರನ್ನು ತರುತ್ತಿದ್ದರು! ನಮ್ಮಲ್ಲಿಯೂ ‘ರಾತ್ರಿ ಏನೋ ಹುಳು ಮುಟ್ಟಿರಬೇಕು’ ಎಂಬ ಮಾತು ಕೇಳಿಬರುತ್ತದೆ. ಕಚ್ಚಿದ ಹುಳುವನ್ನು ಕಂಡಿಲ್ಲ, ಬಾವು ಮಾತ್ರ ಬೆಳೆಯುತ್ತಿದೆ, ಕೀವು ಕಟ್ಟುತ್ತಿದೆ ಎಂದಾದರೆ ಹುಳುವಿನ ಮಾತನ್ನು ಬದಿಗಿಟ್ಟು ಸೋಂಕೆಂದು ತಿಳಿದು ನಡೆಯುವುದೇ ಜಾಣತನ.

ಹೀಗೆ ರೂಪವು ಸುಳಿವು ಕೊಡದಿರುವಾಗ ಸುಳಿವು ಕೊಡುವುದು ಕಾಲ. ಸಾಮಾನ್ಯವಾದ ಸೋಂಕಿಗೆ ತಕ್ಕ ಔಷಧವನ್ನು ಕೊಟ್ಟರೆ ಎರಡು ಮೂರು ದಿನಗಳಲ್ಲಿ ನೋವು ತಗ್ಗುತ್ತದೆ, ಬಾವು ಇಳಿಮುಖವಾಗುತ್ತದೆ. ಇದನ್ನು ಅಳೆಯಲು ಒಂದು ಸುಲಭೋಪಾಯವಿದೆ. ಬಾವಿನ ಅಂಚನ್ನು ಅನುಸರಿಸಿ ಚರ್ಮದ ಮೇಲೆ ಪೆನ್ನಿನಿಂದ ಗೆರೆ ಎಳೆದು, ದಿನ ಮತ್ತು ವೇಳೆಯನ್ನು ಬರೆದಿಟ್ಟುಕೊಳ್ಳುವುದು. ಔಷಧ ನಡೆಯುತ್ತಿದ್ದರೂ ಬಾವು ಗೆರೆಯನ್ನು ದಾಟಿ ಹಬ್ಬುತ್ತಿದ್ದರೆ, ಎರಡು ದಿನ ಕಳೆದರೂ ಹಿಂದೆ ಸರಿಯದಿದ್ದರೆ, ಒಳಗೆ ಬಿಡಿಸಬೇಕಾದ ಕೀವು ನಿಂತಿದೆ ಎಂದೋ, ಕೊಟ್ಟ ಔಷಧಕ್ಕೆ ಬ್ಯಾಕ್ಟೀರಿಯಾ ಮಣಿಯುತ್ತಿಲ್ಲವೆಂದೋ ಸಂದೇಹಪಡಬೇಕು. ಒಂದು ಕುರು ಮಾಯುವಷ್ಟರಲ್ಲಿ ಇನ್ನೊಂದು ಏಳುವುದು, ಒಂದೇ ಮನೆಯ ಅಥವಾ ಒಂದೇ ಕೊಠಡಿಯ ಹಲವರಿಗೆ ಸಾಲಾಗಿ ಕುರುವಾಗುವುದು, ರೋಗಿಯು ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದು ಬಂದಿರುವುದು, ಕೆಲವು ತಿಂಗಳುಗಳೊಳಗೆ ಬೇರೆ ಕಾಯಿಲೆಗೆ ಪ್ರತಿಜೈವಿಕವನ್ನು ಸೇವಿಸಿರುವುದು, ಇವೆಲ್ಲ ಸಂದೇಹವನ್ನು ಬಲಪಡಿಸುತ್ತವೆ. ಈ ಸಂಗತಿಗಳನ್ನು ವೈದ್ಯರಿಗೆ ಮರೆಯದೆ ತಿಳಿಸಬೇಕು, ಕೇಳದಿದ್ದರೂ ತಿಳಿಸಬೇಕು.

ಕೆಲವು ಲಕ್ಷಣಗಳು ಕಂಡಾಗ ಎರಡು ದಿನವಲ್ಲ, ಎರಡು ಗಂಟೆಯೂ ಕಾಯುವಂತಿಲ್ಲ. ಚಳಿ ನಡುಕದೊಡನೆ ಜ್ವರ ಬರುವುದು. ಬಾವಿನಿಂದ ಹೊರಟ ಕೆಂಪು ಗೆರೆ ಕೈ ಅಥವಾ ಕಾಲಿನುದ್ದಕ್ಕೆ ಮೇಲೇರುವುದು. ಬಾವು ಗಂಟೆಗಂಟೆಗೆ ಹರಡುವುದು. ಕಾಣುವ ಗಾಯ ಚಿಕ್ಕದಾದರೂ ನೋವು ತಾಳಲಾರದಷ್ಟಿರುವುದು. ಚರ್ಮ ಕಪ್ಪಾಗಿ ಸ್ಪರ್ಶ ತಿಳಿಯದಂತಾಗುವುದು. ರೋಗಿಗೆ ಮಂಕು ಕವಿಯುವುದು. ಸೋಂಕು ರಕ್ತಕ್ಕೋ ಆಳದ ಮಾಂಸಕ್ಕೋ ಇಳಿಯುತ್ತಿದೆ ಎಂಬುದಕ್ಕೆ ಇವು ಗುರುತುಗಳು. ಮೂಗು ಹಾಗೂ ಮೇಲ್ದುಟಿಯ ಸುತ್ತ ಎದ್ದ ಕುರುವೂ ಉಪೇಕ್ಷಿಸತಕ್ಕುದಲ್ಲ; ಅಲ್ಲಿಯ ರಕ್ತನಾಳಗಳಿಗೂ ತಲೆಬುರುಡೆಯ ಒಳಗಿನ ನಾಳಗಳಿಗೂ ಸಂಪರ್ಕವಿದೆ. ಎಳೆಯ ಕೂಸು, ಸಕ್ಕರೆ ಕಾಯಿಲೆಯವರು, ವೃದ್ಧರು ಇವರ ವಿಷಯದಲ್ಲಿ ಚಿಕ್ಕ ಕುರುವನ್ನೂ ವೈದ್ಯರಿಗೆ ತೋರಿಸುವುದು ಲೇಸು.

ಮನೆಯಲ್ಲಿ ಮಾಡಬಹುದಾದುದು ಸ್ವಲ್ಪವೇ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರವಾದ ಬಟ್ಟೆಯಿಂದ ಶಾಖ ಕೊಡಬಹುದು. ಕೀವು ಸೋರುತ್ತಿದ್ದರೆ ಒಣಬಟ್ಟೆಯಿಂದ ಮುಚ್ಚಬಹುದು. ಮುಟ್ಟುವ ಮೊದಲೂ ಅನಂತರವೂ ಸಾಬೂನಿನಿಂದ ಕೈ ತೊಳೆಯಬೇಕು. ಮಾಡಬಾರದುದೇ ಹೆಚ್ಚು. ಕುರುವನ್ನು ಹಿಸುಕುವುದರಿಂದ ಕೀವು ಹೊರಗೆ ಬರುವಂತೆಯೇ ಒಳಕ್ಕೂ ತಳ್ಳಲ್ಪಡುತ್ತದೆ. ಸೂಜಿಯಿಂದ ಚುಚ್ಚುವುದು ಹೊಸ ಸೋಂಕಿಗೆ ಬಾಗಿಲು ತೆರೆದಂತೆ. ಕಳೆದ ವರ್ಷ ಬೇರಾರಿಗೋ ಕೊಟ್ಟು ಉಳಿದ ಮಾತ್ರೆಗಳನ್ನು ನುಂಗುವುದಂತೂ ಫ್ಲೆಮಿಂಗ್ ಹೇಳಿದ ತಪ್ಪನ್ನೇ ಮಾಡಿದಂತೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದ ಔಷಧಗಳ ಪಟ್ಟಿಯ ಮೇಲೆ ಕೆಂಪು ಗೆರೆಯೊಂದನ್ನು ಮುದ್ರಿಸಿರುವುದನ್ನು ನೀವು ನೋಡಿರಬಹುದು. ಅದರ ಅರ್ಥವನ್ನು ಜನಕ್ಕೆ ತಿಳಿಸಲು ಭಾರತ ಸರ್ಕಾರವು 2016ರಲ್ಲಿ ಪ್ರಚಾರವನ್ನೇ ಕೈಕೊಂಡಿತು. ಇನ್ನು ಅಂಗಡಿಯಲ್ಲಿ ಕೇಳಿದೊಡನೆ ಕೊಡುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಅದು ಕೆಂಪನ್ನೂ ತುರಿಯನ್ನೂ ಅಡಗಿಸಿ ಗುಣವಾದಂತೆ ತೋರಿಸುತ್ತದೆ. ಆ ಮರೆಯಲ್ಲಿ ಚರ್ಮದ ರಕ್ಷಣಾಶಕ್ತಿ ಕುಗ್ಗಿ ಸೋಂಕು ಬಲಿಯುತ್ತದೆ.

ನಿಜವಾದ ತೀರ್ಮಾನ ನಡೆಯುವುದು ಪ್ರಯೋಗಾಲಯದಲ್ಲಿ. ವೈದ್ಯರು ಕೀವಿನ ಅಂಶವನ್ನು ಶುದ್ಧವಾದ ಹತ್ತಿಯ ಕಡ್ಡಿಯಿಂದ ತೆಗೆದು ಕಳುಹಿಸುತ್ತಾರೆ. ಔಷಧವನ್ನು ಆರಂಭಿಸುವ ಮೊದಲೇ ತೆಗೆದರೆ ಫಲಿತಾಂಶ ಹೆಚ್ಚು ನಂಬಲರ್ಹ. ಕಡಲಪಾಚಿಯಿಂದ ಮಾಡಿದ ಅಗರ್ ಎಂಬ ಲೋಳೆಗೆ ಕುರಿಯ ರಕ್ತವನ್ನು ಬೆರೆಸಿ, ತಟ್ಟೆಯಲ್ಲಿ ಹೆಪ್ಪುಗಟ್ಟಿಸಿ, ಅದರ ಮೇಲೆ ಕೀವನ್ನು ಗೀರಿ, ಹೆಚ್ಚುಕಡಮೆ ನಮ್ಮ ಮೈಶಾಖದಲ್ಲಿ ಒಂದು ರಾತ್ರಿ ಇಟ್ಟರೆ ಮರುದಿನ ಬ್ಯಾಕ್ಟೀರಿಯಾದ ಸಮೂಹಗಳು ಮೂಡಿರುತ್ತವೆ. ಅವನ್ನು ಗುರುತಿಸಿ, ಇನ್ನೊಂದು ತಟ್ಟೆಯ ತುಂಬ ಹರಡಿ, ಅದರ ಮೇಲೆ ಬೇರೆ ಬೇರೆ ಔಷಧಗಳಲ್ಲಿ ನೆನೆಸಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಮತ್ತೊಂದು ರಾತ್ರಿ ಕಳೆಯುತ್ತದೆ. ಕೊಲ್ಲುವ ಶಕ್ತಿಯುಳ್ಳ ಔಷಧದ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ತಿಳಿಯಾದ ಬಳೆ ಕಾಣುತ್ತದೆ. ನಾಟದ ಔಷಧದ ಬಿಲ್ಲೆಯನ್ನು ಬ್ಯಾಕ್ಟೀರಿಯಾ ಮುತ್ತಿಕೊಂಡಿರುತ್ತದೆ. ಎಂ.ಆರ್.ಎಸ್.ಎ. ಹೌದೇ ಅಲ್ಲವೇ ಎಂದು ನಿರ್ಣಯಿಸಲು ಸೆಫಾಕ್ಸಿಟಿನ್ ಎಂಬ ಔಷಧದ ಬಿಲ್ಲೆಯನ್ನು ಬಳಸುವುದು ರೂಢಿ. ಬಳೆಯ ವ್ಯಾಸ 22 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಅದು ಮಣಿಯುವ ತಳಿ; 21 ಅಥವಾ ಕಡಮೆಯಾಗಿದ್ದರೆ ನಿರೋಧಕ ತಳಿ. ರೋಗಿಯ ಮೈಮೇಲೆ ಯಾರ ಕಣ್ಣಿಗೂ ಬೀಳದಿದ್ದ ಭೇದವು ಇಲ್ಲಿ ಅಳತೆಪಟ್ಟಿಗೆ ಸಿಗುತ್ತದೆ.

ನಿರೋಧಕ ತಳಿಯೆಂದು ತಿಳಿದೊಡನೆ ಧೈರ್ಯಗೆಡಬೇಕಾಗಿಲ್ಲ. ಕೀವುಗಡ್ಡೆಗೆ ಮೊದಲ ಚಿಕಿತ್ಸೆ ಔಷಧವೇ ಅಲ್ಲ. ವೈದ್ಯರು ಅದನ್ನು ಕೊಯ್ದು ಕೀವನ್ನು ಪೂರ್ಣವಾಗಿ ಹೊರತೆಗೆಯುವುದು. ಚಿಕ್ಕ ಗಡ್ಡೆಗಳು ಅನೇಕ ವೇಳೆ ಇಷ್ಟರಿಂದಲೇ ವಾಸಿಯಾಗುತ್ತವೆ. ಔಷಧ ಬೇಕಾದಲ್ಲಿ ಪ್ರಯೋಗಾಲಯದ ವರದಿಯನ್ನು ನೋಡಿ, ಆ ತಳಿ ಮಣಿಯುವ ಬೇರೆ ಕುಲದ ಔಷಧವನ್ನು ಆರಿಸುತ್ತಾರೆ. ಸೋಂಕು ರಕ್ತಕ್ಕಿಳಿದವರಿಗೆ ವ್ಯಾಂಕೊಮೈಸಿನ್ ಮುಂತಾದುವನ್ನು ಆಸ್ಪತ್ರೆಯಲ್ಲಿಟ್ಟು ರಕ್ತನಾಳದ ಮೂಲಕ ಕೊಡುತ್ತಾರೆ. ಹೇಳಿದ ವೇಳೆಗೆ, ಹೇಳಿದಷ್ಟು ದಿನ ಸೇವಿಸಬೇಕು. ನಿಲ್ಲಿಸಬೇಕಾದರೂ ಅವರನ್ನೇ ಕೇಳಿ ನಿಲ್ಲಿಸಬೇಕು. ಕೊಯ್ದ ಗಾಯವು ಮೇಲಿನಿಂದ ಮುಚ್ಚಿಕೊಳ್ಳದೆ ತಳದಿಂದ ಕ್ರಮೇಣ ತುಂಬಿಕೊಂಡು ಬರಬೇಕು. ಆದುದರಿಂದ ಕೆಲವು ದಿನ ಪಟ್ಟಿ ಬದಲಾಯಿಸುತ್ತಿರಬೇಕಾಗುತ್ತದೆ. ತೆಗೆದ ಪಟ್ಟಿಯನ್ನು ಚೀಲದಲ್ಲಿ ಕಟ್ಟಿ ಎಸೆದು, ರೋಗಿಯ ಟವಲು, ಹಾಸಿಗೆಯ ಬಟ್ಟೆಗಳನ್ನು ಪ್ರತ್ಯೇಕವಾಗಿ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರಡಬೇಕು. ಗಾಯವು ಒಣಗುವವರೆಗೆ ಕಬಡ್ಡಿಯ ಅಂಗಳಕ್ಕೂ ಈಜುಕೊಳಕ್ಕೂ ಹೋಗದಿರುವುದು ಉಚಿತ. ಗಾಯ ಮಾಯ್ದ ಮೇಲೂ ಬ್ಯಾಕ್ಟೀರಿಯಾವು ರೋಗಿಯ ಅಥವಾ ಮನೆಯವರ ಮೂಗಿನಲ್ಲಿ ತಿಂಗಳುಗಟ್ಟಲೆ ಉಳಿದಿರಬಹುದು. ಮತ್ತೆ ಮತ್ತೆ ಕುರುವೇಳುವ ಮನೆಗಳಲ್ಲಿ ವೈದ್ಯರು ಮೂಗಿನೊಳಗೆ ಹಚ್ಚುವ ಮುಲಾಮನ್ನೂ ಮೈ ತೊಳೆಯುವ ದ್ರಾವಣವನ್ನೂ ಬರೆದುಕೊಡುವುದುಂಟು. ಹಾಗೆ ಬರೆದುಕೊಟ್ಟಾಗ ಕುರುವೆದ್ದವನೊಬ್ಬನೇ ಅಲ್ಲದೆ, ವೈದ್ಯರು ಸೂಚಿಸಿದರೆ, ಮನೆಯ ಉಳಿದವರೂ ಒಟ್ಟಿಗೆ ಆ ಚಿಕಿತ್ಸೆಯನ್ನು ಪಡೆಯಬೇಕಾಗುತ್ತದೆ.